ಎಳೆ ಎಲೆ ಹಳದಿ, ನರ ಹಸಿರು

ಮೊದಲು ಹಳದಿಯಾದದ್ದು ನಾಲೆ ಕಡೆಯ ಸಾಲು. ಬದನೆ ಸಸಿ ನೆಟ್ಟು ಎರಡು ವಾರವಾಗಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ತುದಿಯ ಎಳೆ ಎಲೆಗಳು ಒಗೆದೊಗೆದು ಬಣ್ಣ ಬಿಟ್ಟ ಬಟ್ಟೆಯ ಹಾಗೆ ಬಿಳಿಚಿಕೊಂಡಿದ್ದವು. ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದೆ. ಹುಳ ಇಲ್ಲ, ಹೇನಿಲ್ಲ, ಮುದುರಿಲ್ಲ, ತೂತಿಲ್ಲ. ಸುಮ್ಮನೆ ಬಣ್ಣ ಹೋಗಿತ್ತು.

ಬದನೆ ಸಸಿ ಹೋದರೆ ಇನ್ನೊಂದು ತಟ್ಟೆ ಸಸಿ ತಂದು ನೆಡಬಹುದು. ಅದಕ್ಕೆ ಅಷ್ಟು ಹೆದರುವವಳಲ್ಲ ನಾನು. ಆದರೆ ಆ ಹತ್ತು ಗುಂಟೆಗಾಗಿ ಎಂಟು ವರ್ಷ ಬಾಯಿ ಬಡಿದುಕೊಂಡಿದ್ದೆ. ನನ್ನ ತವರು ಬೂಕನಕೆರೆಯ ಹತ್ತಿರ. ಅಲ್ಲಿ ನಮ್ಮ ಮನೆ ಹೆಂಗಸರೆಲ್ಲ ತರಕಾರಿ ಬೆಳೆದೇ ಬದುಕಿದವರು. ಮದುವೆಯಾಗಿ ಚಿನಕುರಳಿ ಕಡೆಯ ಈ ಊರಿಗೆ ಬಂದರೆ ಇಲ್ಲಿ ಕಬ್ಬು ಬಿಟ್ಟರೆ ಭತ್ತ, ಭತ್ತ ಬಿಟ್ಟರೆ ಕಬ್ಬು. ತರಕಾರಿ ಎಂದರೆ ಸಂತೆಯಿಂದ ಚೀಲದಲ್ಲಿ ಬರುವ ಪದಾರ್ಥ ಎಂಬುದು ನನ್ನ ಮಾವನ ತಿಳುವಳಿಕೆ. ಕೇಳಿ ಕೇಳಿ, ಮುನಿಸಿಕೊಂಡು, ಮಾತು ಬಿಟ್ಟು, ಮತ್ತೆ ನಾನೇ ಮಾತಾಡಿಸಿ, ಕೊನೆಗೊಂದು ದಿನ ಮಾವ ರಾಗಿ ಮುದ್ದೆ ಮುರಿಯುತ್ತಾ ಹೇಳಿದ್ದರು: "ಆಯ್ತು ಕಣವ್ವ. ನಾಲೆ ಪಕ್ಕದ ಹತ್ತು ಗುಂಟೆ ಮಾಡ್ಕೊ. ಒಂದ್ ಬೆಳೆ ನೋಡುವಾ. ಬಂತು ಅಂದ್ರೆ ಆ ತಾಕು ನಿಂದೇಯ, ನಾನು ಕೇಳಾಕಿಲ್ಲ. ಬರ್ನಿಲ್ಲ ಅಂದ್ರೆ ಪಕ್ಕದ ತಾಕಿನ ಜೊತೆಗೆ ಅದ್ಕೂ ಕಬ್ಬಾಕ್ಬುಡದೆ. ಆಮೇಕೆ ಮೋರೆ ಊದಿಸ್ಕಂಡು ಕೂರಬ್ಯಾಡ."

'ನಿಂದೇಯ' ಅಂದರಲ್ಲ, ಆ ಮಾತು ಕೇಳಿ ಅವತ್ತು ನನಗೆ ಊಟ ಸೇರಲಿಲ್ಲ. ಈ ಮನೆಯಲ್ಲಿ ಅಲ್ಲಿಯವರೆಗೆ ನನ್ನದು ಅಂತ ಇದ್ದದ್ದು ಒಂದು ಟ್ರಂಕು.

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ತವರಿನವರೂ ಹೇಳುತ್ತಾರೆ, ಈ ಮನೆಯವರೂ ಹೇಳುತ್ತಾರೆ. ಬೀಗರಿಬ್ಬರೂ ಜಗಳವಿಲ್ಲದೆ ಒಪ್ಪಿಕೊಂಡ ಮಾತು ಅದೊಂದೇ. ಆ ಹಳದಿ ಸಾಲು ನೋಡಿದಾಗಲೂ ಮೊದಲು ಬಂದದ್ದು ಕೋಪವೇ. ಯಾರ ಮೇಲೆ ಅಂತ ಗೊತ್ತಿರಲಿಲ್ಲ.

ಎರಡು ದಿನಕ್ಕೆ ಎರಡನೆಯ ಸಾಲು ಬಿಳಿಚಿತು. ಮತ್ತೆರಡು ದಿನಕ್ಕೆ ಮೂರನೆಯದು, ನಾಲ್ಕನೆಯದು. ರೋಗವೆಂದರೆ ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬೀಳುತ್ತದೆ. ಇದು ಹಾಗಲ್ಲ, ನಾಟಿ ಆಳು ಸಾಲು ಹಿಡಿದು ಬರುವ ಹಾಗೆ ನಾಲೆಯಿಂದ ಒಳಕ್ಕೆ ಬರುತ್ತಿತ್ತು. ನನ್ನ ಗಂಡ ಬಂದು ನೋಡಿದರು. ಅವರಿಗೆ ಎಲ್ಲ ಕಾಯಿಲೆಗೂ ಒಂದೇ ಔಷಧಿ.

"ಅಳ್ದಿ ಅಂದ್ರೆ ಯೂರಿಯಾ ಕಮ್ಮಿ ಆಗದೆ ಅಂತ. ಎರಡ್ ಹಿಡಿ ಚೆಲ್ಲು, ನಾಳಿದ್ದಿಗೆ ಹಸ್ರಾಯ್ತದೆ."

ಚೆಲ್ಲಿದೆವು. ಗಿಡ ಗೇಣುದ್ದ ನೆಗೆಯಿತು, ಹಳದಿ ಮಾತ್ರ ಹಾಗೇ ಉಳಿಯಿತು. ಮೇಲಾಗಿ ಎಲೆಯಂಚು ಸುಟ್ಟ ದೋಸೆಯಂತಾಯಿತು. ನಾಲೆಯ ಜವುಗು ನೀರು ಬೇರಿಗೆ ಕೂತಿರಬಹುದು ಎಂದುಕೊಂಡು ಗುದ್ದಲಿ ಹಿಡಿದು ಒಂದು ಇಡೀ ದಿನ ಬಸಿಗಾಲುವೆ ತೋಡಿದೆ. ಸೊಂಟ ಬಿದ್ದುಹೋಯಿತು, ಹಳದಿ ನಿಲ್ಲಲಿಲ್ಲ. ಒಂದು ಮಾತ್ರ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಕೆಳಗಿನ ಹಳೆ ಎಲೆಗಳು ಗಟ್ಟಿ ಹಸಿರಾಗಿಯೇ ಇದ್ದವು. ಹೊಸದಾಗಿ ಹುಟ್ಟುವ ಎಲೆಯೇ ಬಿಳಿಚಿಕೊಂಡು ಹುಟ್ಟುತ್ತಿತ್ತು.

ದಾರಿಯಲ್ಲಿ ಹೋಗುವವರೆಲ್ಲ ಬದುವಿನ ಮೇಲೆ ನಿಂತು ಒಂದೊಂದು ಮಾತು ಹೇಳಿ ಹೋದರು. ದೃಷ್ಟಿ ಬಿದ್ದದೆ, ಬೂದುಗುಂಬಳ ಕಟ್ಟು ಅಂದವರುಂಟು. ಹಾಗೆ ಅಂದವರ ಕಣ್ಣೇ ಬಿದ್ದಿರಬೇಕು ಎಂದು ಒಬ್ಬರಿಗೆ ಮುಖಕ್ಕೇ ಅಂದುಬಿಟ್ಟೆ. ನನ್ನ ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಸಾರಿಗೆ ಉಪ್ಪು ಒಂದು ಕಾಳು ಹೆಚ್ಚಾದರೆ ಸಂಜೆಯವರೆಗೂ ಅದನ್ನೇ ಮಾತಾಡುವ ಹೆಂಗಸು, ಗಿಡದ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದರು.

ಒಳಗೊಳಗೆ ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಅದನ್ನು ಈಗ ಹೇಳಿಬಿಡುತ್ತೇನೆ. ಈ ಮನೆಯಲ್ಲಿ ತಿಂಗಳ ಮೂರು ದಿನ ಹೆಂಗಸರು ವೀಳ್ಯದೆಲೆ ಬಳ್ಳಿ, ಕರಿಬೇವು, ಮೊಸರು, ನೆಟ್ಟ ಪೈರು ಯಾವುದನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಪೈರು ಬಾಡುತ್ತದೆ ಎಂಬ ನಂಬಿಕೆ. ಮಾವನಿಗಂತೂ ಈ ವಿಷಯದಲ್ಲಿ ಕಟ್ಟುನಿಟ್ಟು. ಶ್ರೀರಂಗಪಟ್ಟಣದ ನರ್ಸರಿಯಿಂದ ಸಸಿಯ ತಟ್ಟೆಗಳು ಬಂದಿಳಿದ ದಿನವೇ ನಾನು ಎರಡನೆಯ ದಿನದವಳು. ಸಸಿ ತಟ್ಟೆಯಲ್ಲಿ ಬೇರು ಸುತ್ತಿಕೊಂಡು ನಿಂತಿತ್ತು, ಇನ್ನೆರಡು ದಿನ ಕಾದರೆ ಬಾಡುತ್ತಿತ್ತು. ಯಾರಿಗೂ ಹೇಳದೆ ನಾನೇ ಕೂತು ನೆಟ್ಟೆ. ಇದೆಲ್ಲ ಬರೀ ಕಂತೆ ಎಂದು ಧೈರ್ಯವಾಗಿ ಅಂದುಕೊಂಡೇ ನೆಟ್ಟೆ. ಆದರೆ ಸಾಲು ಸಾಲಾಗಿ ಎಲೆ ಬಿಳಿಚಿಕೊಳ್ಳುವಾಗ ಆ ಧೈರ್ಯ ಉಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರು ಗಿಡದ ಸುದ್ದಿ ಎತ್ತಿದರೂ ನಾನು ಬೆಚ್ಚುತ್ತಿದ್ದೆ.

ಶನಿವಾರ ಸಂಜೆ ಮಾವ ಬದುವಿನ ಮೇಲೆ ನಡೆದು ಬಂದರು. ಅರ್ಧ ತಾಕು ಹಳದಿಯಾಗಿತ್ತು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು ಮೆಲ್ಲಗೇ ಹೇಳಿದರು.

"ಬುಧುವಾರ ಪಕ್ಕದ ತಾಕಿಗೆ ಟ್ರಾಕ್ಟರು ಬತ್ತದೆ ಕಣವ್ವ, ಕಬ್ಬಿಗೆ ಸಾಲು ಒಡ್ಯಾಕೆ. ಇದ್ನೂ ಒಡ್ಸ್ಬುಡ್ತೀನಿ. ಈ ಮಣ್ಣಿಗೆ ತರಕಾರಿ ಒಗ್ಗಾಕಿಲ್ಲ. ನಿಂದೇನ್ ತಪ್ಪಿಲ್ಲ, ಬುಡು."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ಬೈಯಲಿಲ್ಲ.

ಭಾನುವಾರ ಬೆಳಿಗ್ಗೆ ಬುಡ ಸಮೇತ ಎರಡು ಗಿಡ ಕಿತ್ತು, ಒದ್ದೆ ಬಟ್ಟೆ ಸುತ್ತಿ, ಟಿಫನ್ ಕ್ಯಾರಿಯರಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಪಾಂಡವಪುರದಲ್ಲಿ ಬಸ್ಸು ಬದಲಿಸಿ ಶ್ರೀರಂಗಪಟ್ಟಣಕ್ಕೆ. ದಾರಿಯುದ್ದಕ್ಕೂ ನರ್ಸರಿಯವನಿಗೆ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕೆಟ್ಟ ಸಸಿ ಕೊಟ್ಟು ನನ್ನ ಹೊಟ್ಟೆಗೆ ಬೆಂಕಿ ಹಾಕಿದ ಎಂದೇ ನನ್ನ ತೀರ್ಮಾನ. ಹೆದ್ದಾರಿ ಪಕ್ಕದಲ್ಲಿ ಹಸಿರು ಪರದೆ ಕಟ್ಟಿದ ನರ್ಸರಿ ಅದು. ಯಜಮಾನರು ವಯಸ್ಸಾದ ಸಾಬರು. ನಾನು ಟಿಫನ್ ಕ್ಯಾರಿಯರನ್ನು ಅವರ ಮೇಜಿನ ಮೇಲೆ ಕುಕ್ಕಿ ಶುರುಮಾಡಿದೆ. ಒಂದಿಷ್ಟು ಹೊತ್ತು ಕೇಳಿದರು.

"ಅರೆ ಅಮ್ಮಾ, ಬೈರಿ, ಬೇಡ ಅನ್ನಲ್ಲ. ವಸಿ ಕೂತ್ಕೊಂಡು ಬೈರಿ. ಗಿಡ ಇಲ್ಲಿ ಕೊಡಿ."

ಎಲೆಯನ್ನು ಬಿಸಿಲಿಗೆ ಹಿಡಿದರು. ನನ್ನನ್ನೂ ಹತ್ತಿರ ಕರೆದರು. ಎರಡು ವಾರದಿಂದ ದಿನಾ ನೋಡಿದ ಎಲೆಯನ್ನು ನಾನು ಅವತ್ತೇ ಸರಿಯಾಗಿ ನೋಡಿದ್ದು. ಎಲೆ ಹಳದಿ, ಅದರ ನರಗಳೆಲ್ಲ ಹಸಿರು. ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಹೊಲಿಗೆ ಹಾಕಿದ ಹಾಗಿತ್ತು.

"ಗಿಡಕ್ಕೆ ಯೂರಿಯಾ ಕಮ್ಮಿ ಆದ್ರೆ ಕೆಳಗಿನ ಹಳೇ ಎಲೆ ಮೊದ್ಲು ಹಳ್ದಿ ಆಗ್ತದೆ. ಇಲ್ಲಿ ಹಳೇದು ಚೆನ್ನಾಗೈತೆ, ಎಳೇದು ಹಳ್ದಿ, ನರ ಹಸ್ರು. ಇದಕ್ಕೆ ಕಬ್ಬಿಣದ ಸತ್ವ ಸಿಕ್ತಿಲ್ಲ. ಮಣ್ಣಾಗೆ ಇರ್ತದೆ, ಆದ್ರೆ ಸುಣ್ಣ ಜಾಸ್ತಿ ಆದ್ರೆ ಬೇರಿಗೆ ಎತ್ಕೊಳ್ಳೋಕೆ ಆಗಲ್ಲ. ಬುಡಕ್ಕೆ ಏನ್ ಹಾಕಿದೀರಿ? ಬೂದಿ? ಸುಣ್ಣ?"

"ಏನೂ ಹಾಕಿಲ್ಲ. ಯಾಕೆ ಹಾಕ್ಲಿ?"

ಅವರು ಬೇರಿನ ಮಣ್ಣನ್ನು ಉಗುರಿನಲ್ಲಿ ಕೆರೆದು ಒಂದು ತಟ್ಟೆಗೆ ಉದುರಿಸಿದರು. ಬೂದು ಬಣ್ಣದ ಪುಡಿ. ಬಚ್ಚಲು ತೊಳೆಯುವ ಆ್ಯಸಿಡ್ಡಿನ ಬಾಟಲಿ ತಂದು ನಾಲ್ಕು ಹನಿ ಬಿಟ್ಟರು. ಸೊರ್ರೆಂದು ನೊರೆ ಎದ್ದಿತು. ಪಕ್ಕದಲ್ಲೇ ತಮ್ಮ ನರ್ಸರಿಯ ಮಣ್ಣಿಗೂ ಬಿಟ್ಟು ತೋರಿಸಿದರು. ಅದು ಸುಮ್ಮನಿತ್ತು.

"ನೀವು ಹಾಕಿಲ್ಲ ಅಂದ್ರೆ ಬೇರೆ ಯಾರೋ ಹಾಕವ್ರೆ ಅಮ್ಮಾ," ಅಂದರು.

ಬುಡದ ಬೂದಿ ಮಣ್ಣನ್ನೆಲ್ಲ ಗೋರಿ ತೆಗೆಯಬೇಕು, ಚೆನ್ನಾಗಿ ಕಳಿತ ಗೊಬ್ಬರ ಕೊಡಬೇಕು, ಕಬ್ಬಿಣದ ಸತ್ವವಿರುವ ಅನ್ನಭೇದಿಯನ್ನು ನೀರಿಗೆ ಹಾಕಿ ನಿಂಬೆರಸ ಹಿಂಡಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಬೇಕು, ನೀರು ಕಡಿಮೆ ಬಿಡಬೇಕು ಎಂದು ಹೇಳಿಕೊಟ್ಟರು. ಹಳದಿಯಾದ ಎಲೆ ಪೂರ್ತಿ ಹಸಿರಾಗದಿದ್ದರೂ ಹೆದರಬೇಡಿ, ಹೊಸ ಚಿಗುರು ನೋಡಿ ಅಂದರು. ಬೈಯಲು ಹೋದವಳು ಕೈಮುಗಿದು ಬಂದೆ. ಬಸ್ಸಿನಲ್ಲಿ ಕೂತರೆ ಒಂದೇ ಪ್ರಶ್ನೆ. ಯಾರು? ಬಾಯಿ ಮಾಡಿದ್ದಕ್ಕೆ ಊರಿನಲ್ಲಿ ನನಗೆ ಆಗದವರು ಇದ್ದರು. ಪಟ್ಟಿ ದೊಡ್ಡದೇ ಇತ್ತು.

ಸೋಮವಾರ ಇನ್ನೂ ಮಬ್ಬು ಹರಿಯುವ ಮೊದಲೇ ಹೋಗಿ ಪಕ್ಕದ ತಾಕಿನ ಬದುವಿನ ಮರೆಯಲ್ಲಿ ಕೂತೆ. ಕೈಯಲ್ಲಿ ಕುಡುಗೋಲಿತ್ತು. ಯಾಕೆ ಹಿಡಿದುಕೊಂಡು ಹೋಗಿದ್ದೆನೋ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಮಂಕರಿ ಹೊತ್ತ ಒಬ್ಬ ಹೆಂಗಸು ತಾಕಿಗೆ ಇಳಿದಳು. ಹಸಿರಾಗಿಯೇ ಉಳಿದಿದ್ದ ಸಾಲಿಗೆ ಹೋಗಿ, ಒಂದು ಕೈ ಮಂಡಿಯ ಮೇಲಿಟ್ಟುಕೊಂಡು ಕಷ್ಟಪಟ್ಟು ಬಗ್ಗಿದಳು. ಗಿಡದ ಬುಡ ಕೆದಕಿ, ಮಂಕರಿಯಿಂದ ಒಂದು ಹಿಡಿ ಹಾಕಿ, ಮೇಲೆ ಮಣ್ಣು ಎಳೆದು ತಟ್ಟಿದಳು. ಹಾಗೆ ಮಂಡಿ ಹಿಡಿದು ಬಗ್ಗುವವರು ನಮ್ಮ ಮನೆಯಲ್ಲಿ ಒಬ್ಬರೇ.

"ಅತ್ತೆ!" ಎಂದು ಕೂಗಿದ್ದು ನನಗೇ ಗಾಬರಿಯಾಗುವಷ್ಟು ಜೋರಾಗಿತ್ತು.

ಅವರು ಮಂಕರಿಯನ್ನು ಸೆರಗಿನಲ್ಲಿ ಮುಚ್ಚಿದರು. ಕಿತ್ತು ನೋಡಿದೆ. ಆಲೆಮನೆಯ ಬೂದಿ, ಅದಕ್ಕೆ ಸುಣ್ಣದ ಪುಡಿ ಬೆರೆಸಿತ್ತು. ದಿನಾ ತಿಪ್ಪೆಗೆ ಸಗಣಿ ಹಾಕಲು ಬರುತ್ತಿದ್ದಾರೆ ಎಂದು ನಾವೆಲ್ಲ ತಿಳಿದಿದ್ದೆವು.

"ಯಾಕತ್ತೆ? ನಾನೇನ್ ಮಾಡಿದ್ದೆ ನಿಮ್ಗೆ? ಕೊಂದೇಬುಟ್ರಲ್ಲ ನನ್ನ ಗಿಡವಾ!"

"ಮೆತ್ತುಗ್ ಮಾತಾಡವ್ವ, ಯಾರಾದ್ರೂ ಕೇಳುಸ್ಕಂಡಾರು," ಅಂದರು. "ನೀನು ಸಸಿ ನೆಟ್ಟ ದಿನ ದೂರ ಇದ್ದೆ ಅಲ್ವಾ? ಒಂದೇ ಮನೇಲಿ ಇದ್ದು ನಂಗೆ ಗೊತ್ತಾಗಕಿಲ್ವಾ? ನಿನ್ ಮಾವಂಗೆ ತಿಳುದ್ರೆ ನಿನ್ನ ಮಣ್ಣು ಮುಟ್ಟಾಕೆ ಬುಡಾಕಿಲ್ಲ. ಅದ್ಕೆ ಬಾಯ್ ಮುಚ್ಕಂಡೆ. ನಮ್ಮವ್ವ ಈಳ್ಯದೆಲೆ ಬಳ್ಳಿಗೆ ಇಂಗೇ ಮಾಡೋಳು. ಬೂದಿ ಸುಣ್ಣ ಬೆರ್ಸಿ ಬುಡುಕ್ಕೆ ಆಕುದ್ರೆ ಮೈಲಿಗೆ ತಟ್ಟಾಕಿಲ್ಲ ಅನ್ನೋಳು. ನೀ ನೆಟ್ಟ ಮಾರ್ನೆ ದಿನದಿಂದ್ಲೂವೆ ದಿನುಕ್ಕೆ ಒಂದೊಂದ್ ಸಾಲು ಆಕ್ಕಂಡ್ ಬತ್ತಾವ್ನಿ. ಆಮೇಕೆ ಅಳ್ದಿ ಆಗಾಕ್ ಸುರುವಾಯ್ತಲ್ಲ, ಮೈಲಿಗೆ ಜೋರಾಗದೆ ಅನ್ಕಂಡು ಇನ್ನೂ ವಸಿ ಜಾಸ್ತಿನೇ ಆಕ್ದೆ."

ಮಂಡಿ ನೋವಿನ ಹೆಂಗಸು ದಿನಾ ಕತ್ತಲಲ್ಲಿ ಎದ್ದು, ನನ್ನ ಗುಟ್ಟು ಕಾಯಲೆಂದು ಒಂದೊಂದೇ ಗಿಡದ ಮುಂದೆ ಬಗ್ಗಿದ್ದರು. ಆ ಕ್ಷಣಕ್ಕೆ ನನಗೆ ಇದು ಯಾವುದೂ ಕಾಣಲಿಲ್ಲ. ಹಳದಿ ಮಾತ್ರ ಕಂಡಿತು. ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಮಡಿಗೆ ಬೆಂಕಿ ಬೀಳ ಅಂದೆ. ಅವರು ಮಂಕರಿಯಲ್ಲಿ ಉಳಿದಿದ್ದ ಬೂದಿಯನ್ನು ತಿಪ್ಪೆಗೆ ಸುರಿದು ಬಂದು, ಮೊದಲ ಸಾಲಿನ ಮುಂದೆ ಕೂತು, ಬೂದಿ ಮಣ್ಣನ್ನು ಬೊಗಸೆಯಲ್ಲಿ ಗೋರತೊಡಗಿದರು.

ಎರಡು ದಿನ ಇಬ್ಬರೂ ಗೋರಿದೆವು. ಮಾವ ಹೋಬಳಿಯ ಕಡೆ ಯಾವುದೋ ಕೆಲಸಕ್ಕೆ ಓಡಾಡುತ್ತಿದ್ದರು, ಗಂಡ ಕಬ್ಬಿನ ಬಿತ್ತನೆ ತರಲು ನಾಗಮಂಗಲದ ಕಡೆ ಹೋಗಿದ್ದರು. ಸಂಜೆ ಸಂಜೆ ನಾನು ಅನ್ನಭೇದಿ ಸಿಂಪಡಿಸಿದರೆ ಅತ್ತೆ ನಿಂಬೆಹಣ್ಣು ಹಿಂಡಿಕೊಟ್ಟರು. ಅವರ ಉಗುರ ಸಂದಿಯೆಲ್ಲ ಸುಣ್ಣಕ್ಕೆ ಒಡೆದಿತ್ತು. ಮಂಗಳವಾರ ಸಂಜೆ ಮನೆಗೆ ಹೊರಡುವಾಗ ನನ್ನ ಕೈ ಹಿಡಿದುಕೊಂಡರು.

"ನಾ ಬೂದಿ ಆಕಿದ್ದ ನಿನ್ ಮಾವಂಗೆ ಯೋಳ್ಬ್ಯಾಡ ಕಣವ್ವ. ನಾಕ್ ಜನದ ಮುಂದೆ ನನ್ನ ಆಡ್ಕಂಡು ನಗ್ತಾರೆ. ಮೊದ್ಲಿಂದ್ಲೂ ಅಂಗೇಯ."

"ಇಲ್ಲ ಬಿಡಿ ಅತ್ತೆ, ಯಾಕ್ ಹೇಳ್ಲಿ?" ಅಂದೆ. ಆಗ ಮನಸ್ಸಿನಿಂದಲೇ ಅಂದದ್ದು.

ಬುಧವಾರ ಟ್ರಾಕ್ಟರು ಬಂತು. ಪಕ್ಕದ ತಾಕಿಗೆ ಸಾಲು ಒಡೆದು ಮುಗಿಸಿ, ಡ್ರೈವರು ನಮ್ಮ ಬದುವಿಗೆ ಮೂತಿ ತಿರುಗಿಸಿ ನಿಲ್ಲಿಸಿದ. ಇಂಜಿನ್ನು ಆರಿಸಿರಲಿಲ್ಲ. ಮಾವ, ನನ್ನ ಗಂಡ, ಬಿತ್ತನೆ ಇಳಿಸಲು ಬಂದಿದ್ದ ಇಬ್ಬರು ಆಳುಗಳು ನಿಂತಿದ್ದರು. ಅತ್ತೆ ಎಲ್ಲರಿಗೂ ಮಜ್ಜಿಗೆ ತಂದಿದ್ದರು. ನಾನು ಮೊದಲ ಸಾಲಿಗೆ ಅಡ್ಡ ನಿಂತೆ.

"ಮಾವ, ಇನ್ನೊಂದ್ ವಾರ ಬಿಡಿ. ಔಷ್ದಿ ಹೊಡ್ದಿದ್ದೀನಿ. ಹೊಸ ಚಿಗುರು ಹಸ್ರು ಬರುತ್ತೆ."

ಮಾವ ಗಿಡ ನೋಡಿದರು. ಎರಡು ಸಂಜೆಯ ಸಿಂಪಡಣೆಗೆ ಏನು ತಾನೇ ಕಾಣುತ್ತದೆ? ತುದಿಯಲ್ಲೊಂದು ನೆರಳಿನಷ್ಟು ಹಸಿರು ಬಂದಿತ್ತು. ಅದು ನನ್ನ ಕಣ್ಣಿಗೆ ಮಾತ್ರ ಕಾಣುತ್ತಿತ್ತು.

"ಮಣ್ಣೇ ಒಗ್ಗಾಕಿಲ್ಲ ಅಂದ್ಮೇಲೆ ಔಷ್ದಿ ಏನ್ ಮಾಡ್ತದವ್ವ? ಸರ್ಕೊ ಅತ್ಲಾಗೆ. ಗಾಡಿ ಬಾಡ್ಗೆದು, ನಿಂತ್ಕಳಾಕ್ ಆಗಾಕಿಲ್ಲ," ಅಂದು ಡ್ರೈವರಿಗೆ ಕೈ ಬೀಸಿದರು. ಟ್ರಾಕ್ಟರು ಬದು ಹತ್ತಿತು. ಮುಂದಿನ ಗಾಲಿ ಇಳಿದು ಒಂದು ಬದನೆ ಗಿಡ ನೆಲಕ್ಕೆ ಮಲಗಿತು.

"ಮಣ್ಣಲ್ಲ ಮಾವ! ಬೂದಿ ಸುಣ್ಣ ಸುರಿದವ್ರೆ ಬುಡಕ್ಕೆ! ಅತ್ತೆನೇ ಸುರಿದಿರೋದು! ಬೇಕಾದ್ರೆ ಕೇಳಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಡ್ರೈವರು ಇಂಜಿನ್ನು ಆರಿಸಿದ. ಇನ್ನೂ ಗೋರದೆ ಉಳಿದಿದ್ದ ಸಾಲಿನ ಬುಡ ಬಗೆದು ಬೂದಿ ತೋರಿಸಿದೆ. ಬೂದಿ ಮುಟ್ಟದ ಕೊನೆಯ ಸಾಲುಗಳು ಹಸಿರಾಗಿ ನಿಂತಿದ್ದನ್ನೂ ತೋರಿಸಿದೆ. ತೋರಿಸುವಾಗ ನನ್ನ ಕೈಯಲ್ಲಿ ಎಂಥ ಚುರುಕು! ಮಾವ ಬಗ್ಗಿ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಹೆಂಡತಿಯ ಕಡೆ ತಿರುಗಿದರು.

"ದಿಟುವೇನೇ?"

ಅತ್ತೆ ತಲೆಯಾಡಿಸಿದರು.

"ಯಾಕ್ ಆಕ್ದೆ?"

ಒಂದೇ ಒಂದು ಮಾತು ಸಾಕಿತ್ತು ಅವರಿಗೆ. ನಿಮ್ಮ ಸೊಸೆ ಮುಟ್ಟಿನಲ್ಲಿ ನೆಟ್ಟಳು, ಅದಕ್ಕೆ ಹಾಕಿದೆ ಎಂದಿದ್ದರೆ ಟ್ರಾಕ್ಟರು ಆಗಲೇ ನನ್ನ ತಾಕನ್ನು ಮಗುಚಿ ಹಾಕುತ್ತಿತ್ತು. ಅವರ ಗುಟ್ಟನ್ನು ನಾನು ನಾಲ್ಕು ಜನರ ಮುಂದೆ ಬಿಚ್ಚಿದ್ದೆ. ನನ್ನ ಗುಟ್ಟನ್ನು ಬಿಚ್ಚಲು ಅವರಿಗೆ ಈಗ ಯಾರ ಹಂಗೂ ಇರಲಿಲ್ಲ. ಅತ್ತೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಸುಮ್ಕೆ ಆಕ್ದೆ," ಅಂದರು. "ಉಳ ಬೀಳ್ದೇ ಇರ್ಲಿ ಅಂತವ. ಬುದ್ಧಿ ಇರ್ನಿಲ್ಲ ನಂಗೆ."

"ಮಣ್ಣಲ್ಲೇ ಮುದುಕಿ ಆದೆ, ದನುಕ್ಕಿರೋವಷ್ಟು ಬುದ್ಧಿನೂ ಬರ್ನಿಲ್ವಲ್ಲೇ ನಿಂಗೆ!" ಎಂದು ಮಾವ ನಕ್ಕರು. ಡ್ರೈವರು ನಕ್ಕ. ಆಳುಗಳೂ ನಕ್ಕರು. ನನ್ನ ಗಂಡ ಆಚೆ ಕಡೆ ನೋಡುತ್ತಾ ನಿಂತರು. ಇದು ನನ್ನಿಂದ ಆದದ್ದು, ಅವರು ನನಗಾಗಿ ಹಾಕಿದ್ದು ಎಂದು ನಾನು ಹೇಳಬಹುದಿತ್ತು. ಎಲ್ಲದಕ್ಕೂ ಮುಂದೆ ನುಗ್ಗುವ ನನ್ನ ನಾಲಿಗೆ ಅವತ್ತು ಹೊರಳಲಿಲ್ಲ. ಅತ್ತೆ ಮಜ್ಜಿಗೆಯ ಲೋಟಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಮನೆ ಕಡೆ ಹೋದರು. ಟ್ರಾಕ್ಟರು ಹಿಂದಕ್ಕೆ ಇಳಿಯಿತು.

ಹತ್ತು ದಿನಕ್ಕೆ ತುದಿಯೆಲ್ಲ ಹಸಿರಾಯಿತು. ಬದನೆ ಹೂವು ಬಿಟ್ಟಿತು, ಕಾಯಿ ಕಚ್ಚಿತು. ಮಾವ ಆಡಿದ ಮಾತಿಗೆ ತಪ್ಪಲಿಲ್ಲ. ತಾಕು ನನ್ನದಾಯಿತು. ಈಗ ಊರಲ್ಲಿ ಯಾರ ಗಿಡ ಬಿಳಿಚಿಕೊಂಡರೂ ನನ್ನನ್ನೇ ಕರೆಯುತ್ತಾರೆ. ಹಳೆ ಎಲೆಯಾ ಎಳೆ ಎಲೆಯಾ, ನರ ಹಸಿರಿದೆಯಾ ಎಂದು ದೊಡ್ಡ ಪಂಡಿತೆಯ ಹಾಗೆ ಕೇಳುತ್ತೇನೆ. ಅತ್ತೆ ಮನೆಯಲ್ಲಿ ಮೊದಲಿನ ಹಾಗೇ ಇದ್ದಾರೆ. ಸಾರಿಗೆ ಉಪ್ಪು ಹೆಚ್ಚಾದರೆ ಈಗಲೂ ಸಂಜೆಯವರೆಗೆ ಮಾತಾಡುತ್ತಾರೆ. ನನಗೆ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುತ್ತಾರೆ. ಆ ತಾಕಿಗೆ ಮಾತ್ರ ಕಾಲಿಟ್ಟಿಲ್ಲ.

ಮೊದಲ ಕಾಯಿ ಕೀಳುವ ದಿನ ಕರೆದೆ.

"ಬನ್ನಿ ಅತ್ತೆ, ನಿಮ್ ಕೈಯಾರ ಕೀಳಿ. ನನ್ದು ತಪ್ಪಾಯ್ತು."

"ತಪ್ಪು ಗಿಪ್ಪು ಏನೂ ಇಲ್ಲ ಬುಡು," ಅಂದರು. ದನಿಯಲ್ಲಿ ಮುನಿಸಿರಲಿಲ್ಲ. "ಅದು ನಿನ್ ತಾಕು ಕಣವ್ವ. ನಂಗೇನ್ ಕೆಲ್ಸ ಅಲ್ಲಿ?"

ಮನೆಯಿಂದ ತಿಪ್ಪೆಗೆ ನೇರ ದಾರಿ ನನ್ನ ಬದುವಿನ ಮೇಲೆಯೇ ಇದೆ. ಅತ್ತೆ ಸಗಣಿ ಮಂಕರಿ ಹೊತ್ತುಕೊಂಡು, ಆ ಮಂಡಿಯಲ್ಲೇ, ನಾಲೆ ಏರಿಯ ಮೇಲೆ ಸುತ್ತಿಕೊಂಡು ಹೋಗಿ ಬರುತ್ತಾರೆ.